ಅರೆಕ ಕಟೆಚು: ಅಡಿಕೆಯ ಲ್ಯಾಟಿನ್ ಹೆಸರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಸಸ್ಯಶಾಸ್ತ್ರದ ಪುಸ್ತಕದಲ್ಲಿ, ಚೂರ್ಣದ ಡಬ್ಬಿಯ ಮೇಲೆ, ಅಡಿಕೆ ರೋಗದ ಕರಪತ್ರದಲ್ಲಿ 'ಅರೆಕ ಕಟೆಚು' ಅನ್ನೋ ಹೆಸರು ಕಾಣುತ್ತದೆ. ನೋಡಿದವರು ಯಾವುದೋ ಯುರೋಪಿನ ಪದ ಅಂದುಕೊಂಡು ಮುಂದೆ ಹೋಗುತ್ತಾರೆ. ನಿಜ ಹೇಳಬೇಕೆಂದರೆ ಎರಡೂ ಪದಗಳು ನಮ್ಮ ಎಲೆ ಅಡಿಕೆ ತಟ್ಟೆಯಿಂದಲೇ ಎದ್ದು ಹೋದವು. ಮೊದಲನೆಯದು ಸರಿಯಾದ ಮರದಲ್ಲಿ ಕೂತಿದೆ. ಎರಡನೆಯದು ಬೇರೆ ಮರ ಹತ್ತಿಬಿಟ್ಟಿದೆ.

ಈ ಹೆಸರು ಇಟ್ಟವರು ಯಾರು?

ಸ್ವೀಡನ್ನಿನ ಕಾರ್ಲ್ ಲಿನೇಯಸ್. 1753ರಲ್ಲಿ ಬಂದ 'ಸ್ಪೀಶೀಸ್ ಪ್ಲಾಂಟಾರಮ್' ಎಂಬ ಗ್ರಂಥದಲ್ಲಿ ಈ ಹೆಸರು ಅಚ್ಚಾಯಿತು. ಗಿಡಗಳಿಗೆ ಎರಡು ಪದದ ಹೆಸರು ಕೊಡುವ ಪದ್ಧತಿ ಗಟ್ಟಿಯಾಗಿ ನೆಲೆ ನಿಂತದ್ದು ಅದೇ ಪುಸ್ತಕದಿಂದ. ಮೊದಲ ಪದ ಕುಲದ್ದು, ಅಂದರೆ ಹತ್ತಿರದ ನೆಂಟ ಗಿಡಗಳ ಗುಂಪಿನದು. ಎರಡನೆಯದು ಆ ಗುಂಪಿನೊಳಗಿನ ಒಂದು ಜಾತಿಯದು.

ಲಿನೇಯಸ್ ಭಾರತಕ್ಕೆ ಬಂದವರಲ್ಲ. ಅವರು ಆಸರೆ ಮಾಡಿಕೊಂಡದ್ದು ಬೇರೆಯವರು ಬರೆದದ್ದನ್ನು. ಅದರಲ್ಲಿ ಮುಖ್ಯವಾದದ್ದು 'ಹೋರ್ಟಸ್ ಮಲಬಾರಿಕಸ್'. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ ಈ ಗ್ರಂಥ 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಹೊರಬಂತು. ಗಿಡಗಳ ಮಾಹಿತಿ ಕೊಟ್ಟವರು ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್, ಜೊತೆಗೆ ಕೊಂಕಣಿ ಮಾತಿನ ರಂಗ ಭಟ್, ಅಪ್ಪು ಭಟ್, ವಿನಾಯಕ ಪಂಡಿತ. ಅದರ ಮೊದಲ ಸಂಪುಟದಲ್ಲೇ ಅಡಿಕೆ ಮರದ ಚಿತ್ರಗಳಿವೆ. ಅಲ್ಲಿ ಅದರ ಹೆಸರು ಮಾತ್ರ ಅರೆಕ ಅಲ್ಲ, 'ಕೌಂಗ'. ಆ ಪದಕ್ಕೆ ಕೆಳಗೆ ಮತ್ತೆ ಬರುತ್ತೇನೆ.

ಅರೆಕ ಲ್ಯಾಟಿನ್ ಪದ ಅಲ್ವಾ?

ಅಲ್ಲ. ಕೊನೆಯಲ್ಲಿ 'ಅ'ಕಾರ ಇರುವುದರಿಂದ ಲ್ಯಾಟಿನ್ ಸ್ತ್ರೀಲಿಂಗದ ಪದದ ಹಾಗೆ ಕೇಳಿಸುತ್ತದೆ, ವ್ಯಾಕರಣದಲ್ಲಿ ಹಾಗೇ ನಡೆಸಿಕೊಳ್ಳುತ್ತಾರೆ ಕೂಡ. ಆದರೆ ಪದ ದ್ರಾವಿಡದ್ದು. ಮಲಯಾಳದ 'ಅಡಯ್ಕ' ಅಥವಾ 'ಅಡಕ್ಕ', ಕನ್ನಡದ 'ಅಡಕೆ', ತಮಿಳಿನ 'ಅಡೈಕ್ಕಾಯ್' ಎಲ್ಲ ಒಂದೇ ಬೇರಿನವು. ಕರಾವಳಿಗೆ ಬಂದ ಪೋರ್ಚುಗೀಸರ ಬಾಯಲ್ಲಿ ಅದು 'ಅರೆಕ' ಆಯಿತು. ಪೋರ್ಚುಗೀಸಿನಿಂದ ಯುರೋಪಿನ ಉಳಿದ ಭಾಷೆಗಳಿಗೆ ಹರಡಿತು. ಲಿನೇಯಸ್ ಕೈಗೆ ಸಿಗುವ ಹೊತ್ತಿಗೆ ಆ ಪದ ಯುರೋಪಿನಲ್ಲಿ 200 ವರ್ಷಕ್ಕೂ ಜಾಸ್ತಿ ಓಡಾಡಿ ಹಳತಾಗಿತ್ತು.

ಇದಕ್ಕೆ ಬರಹದ ಸಾಕ್ಷಿ ಬೇಗನೆ ಸಿಗುತ್ತದೆ. ಇಟಲಿಯ ಲುಡೊವಿಕೊ ವರ್ತೆಮಾ ಕಲ್ಲಿಕೋಟೆ ನೋಡಿ ಹೋಗಿ 1510ರಲ್ಲಿ ತನ್ನ ಪ್ರವಾಸದ ಪುಸ್ತಕ ಅಚ್ಚು ಹಾಕಿಸಿದ. ಜನ ಎಲೆಯ ಜೊತೆ 'ಕೊಫೊಲೊ' ಎಂಬ ಕಾಯಿ ತಿನ್ನುತ್ತಾರೆ, ಅದರ ಮರಕ್ಕೆ 'ಅರೆಕ' ಅನ್ನುತ್ತಾರೆ ಎಂದು ಅದರಲ್ಲಿದೆ. ಕೊಫೊಲೊ ಅಂದರೆ ಅರಬ್ಬರ 'ಫೌಫಲ್'. ಒಂದೇ ಸಾಲಿನಲ್ಲಿ ಅರಬ್ ವ್ಯಾಪಾರಿಯ ಪದವೂ ಊರಿನವರ ಪದವೂ ಕೂತಿವೆ. ಬಂದರಿನಲ್ಲಿ ನಿಂತು ಕಿವಿಗೆ ಬಿದ್ದದ್ದನ್ನು ಬರೆದುಕೊಂಡ ಹಾಗಿದೆ, ನನಗಂತೂ ಆ ಸಾಲು ಬಹಳ ಇಷ್ಟ.

'ಡ' ಹೋಗಿ 'ರ' ಬಂದದ್ದು ಹೇಗೆ?

ಪೋರ್ಚುಗೀಸಿನಲ್ಲಿ ನಮ್ಮ 'ಡ' ಇಲ್ಲ. ಅವರ ಹತ್ತಿರ ಇರುವುದು ಹಲ್ಲಿಗೆ ನಾಲಿಗೆ ತಾಗಿಸುವ 'ದ'. ಎರಡು ಸ್ವರಗಳ ನಡುವೆ ನಾವು 'ಡ' ಅಂದಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚಿ, ಅಂಗುಳಕ್ಕೆ ತಟ್ಟಿ ಬರುತ್ತದೆ. ಹೊರಗಿನವರ ಕಿವಿಗೆ ಅದು 'ರ'ಕ್ಕೆ ಹತ್ತಿರವಾಗಿ ಕೇಳುತ್ತದೆ. 'ಅಡಕ್ಕ' ಬೇಗ ಬೇಗ ಹೇಳಿ ನೋಡಿ, ಗೊತ್ತಾಗುತ್ತದೆ.

ಇದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಭಾಷೆಯ ಹೆಸರೇ. 'ಕನ್ನಡ' ಅವರ ಬಾಯಲ್ಲಿ 'ಕನರಾ' ಆಯಿತು. ಅದನ್ನೇ ಇಂಗ್ಲಿಷರು 'ಕೆನರಾ' ಅಂದರು. ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳು ನಾರ್ತ್ ಕೆನರಾ, ಸೌತ್ ಕೆನರಾ ಅಂತ ಎಷ್ಟು ಕಾಲ ಇದ್ದವು ನೆನಪಿರಬಹುದು. ಕನ್ನಡಕ್ಕೆ ಆದದ್ದೇ ಅಡಕೆಗೂ ಆಯಿತು, ಅಷ್ಟೇ.

ಹಾಗಾದರೆ ಆ ಪದ ಕನ್ನಡದಿಂದ ಹೋದದ್ದು ಅನ್ನಬಹುದಾ?

ಈ ಪ್ರಶ್ನೆಯನ್ನು ಜಗಳಕ್ಕೆ ನಿಂತವರ ಹಾಗೆ ಕೇಳುವವರೇ ಹೆಚ್ಚು. ಅಂತರ್ಜಾಲದಲ್ಲಿ ಹುಡುಕಿದರೆ ಕೆಲವು ಕಡೆ ಮಲಯಾಳ, ಕೆಲವು ಕಡೆ ಕನ್ನಡ, ಇನ್ನು ಕೆಲವು ಕಡೆ ಎರಡೂ ಸಿಗುತ್ತವೆ.

ನನ್ನ ಅಭಿಪ್ರಾಯ: ದಾರಿ ಮಲಯಾಳದ್ದೇ. ಪೋರ್ಚುಗೀಸರು 1498ರಲ್ಲಿ ಮೊದಲು ಬಂದಿಳಿದದ್ದು ಕಲ್ಲಿಕೋಟೆಯ ಕಡೆ. ವರ್ತೆಮಾ ಆ ಪದ ಬರೆದದ್ದು ಕಲ್ಲಿಕೋಟೆಯ ಸುದ್ದಿ ಹೇಳುವಾಗ. ಗೋವಾದಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತ ನಮ್ಮ ಕಡೆಯ ಔಷಧಿ ವಸ್ತುಗಳ ಮೇಲೆ 1563ರಲ್ಲಿ ಪುಸ್ತಕ ತಂದ. ಯಾವ ಸೀಮೆಯಲ್ಲಿ ಅಡಿಕೆಗೆ ಏನನ್ನುತ್ತಾರೆ ಅಂತ ಪಟ್ಟಿ ಮಾಡುತ್ತಾ, ಮಲಬಾರಿನ ನಾಯರ್‌ಗಳು ಅರೆಕ ಅನ್ನುತ್ತಾರೆ ಎಂದ. ಪದದ ಕೊನೆ ನೋಡಿದರೂ ಅಷ್ಟೇ. ನಮ್ಮದು 'ಕೆ', ಮಲಯಾಳದ್ದು 'ಕ್ಕ'. ಪೋರ್ಚುಗೀಸಿನಲ್ಲಿ ಉಳಿದದ್ದು 'ಕ'.

ಹಾಗಂತ ಕನ್ನಡಕ್ಕೂ ಅರೆಕಕ್ಕೂ ಸಂಬಂಧ ಇಲ್ಲ ಅನ್ನುವುದು ತಪ್ಪಾಗುತ್ತದೆ. ಅಡಕೆ, ಅಡಕ್ಕ ಒಂದೇ ತಾಯಿಯ ಮಕ್ಕಳು. ಹೊನ್ನಾವರ, ಭಟ್ಕಳ, ಮಂಗಳೂರು ಬಂದರುಗಳಲ್ಲೂ ಅದೇ ಪೋರ್ಚುಗೀಸರು ವ್ಯಾಪಾರ ಮಾಡುತ್ತಿದ್ದರು. ಕಲ್ಲಿಕೋಟೆಯಲ್ಲಿ ಕಲಿತ ಪದವನ್ನು ಅಲ್ಲಿ ಬಳಸಿದರೂ ಎದುರಿಗಿದ್ದವರಿಗೆ ಅರ್ಥ ಆಗುತ್ತಿತ್ತು. ಪದ ಯಾರದ್ದು ಅಂತ ಹಠ ಹಿಡಿಯುವಷ್ಟು ದೂರ ಆ ಎರಡು ಭಾಷೆಗಳ ನಡುವೆ ಇಲ್ಲ.

'ಅಡಕೆ' ಪದದ ಒಳಗೆ ಏನಿದೆ? 'ಅಡಗು', 'ಅಡಕು' ಇಂದ ಬಂತು ಅನ್ನುತ್ತಾರಲ್ಲ?

ಸಿಪ್ಪೆಯೊಳಗೆ ಅಡಗಿರುವುದರಿಂದ ಅಡಕೆ, ಬಾಯೊಳಗೆ ಅಡಕುವುದರಿಂದ ಅಡಕೆ. ಎರಡನ್ನೂ ಕೇಳಿದ್ದೇನೆ. ಕೇಳಲು ಚೆನ್ನಾಗಿವೆ, ಆದರೆ ಅಕ್ಕಪಕ್ಕದ ಭಾಷೆ ನೋಡದೆ ಮಾಡಿದ ಊಹೆಗಳು. ಸಿಪ್ಪೆಯೊಳಗೆ ಅಡಗದ ಕಾಯಿ ಯಾವುದಿದೆ ಹೇಳಿ.

ತಮಿಳಿನ ರೂಪ ನೋಡಿದರೆ ಪದ ಬಿಡಿಸಿಕೊಳ್ಳುತ್ತದೆ. ಅಡೈಕ್ಕಾಯ್ ಅಂದರೆ ಅಡೈ ಮತ್ತು ಕಾಯ್. ಎರಡನೆಯದು ನಮ್ಮ 'ಕಾಯಿ'. ಕನ್ನಡದಲ್ಲಿ ಅದು ಸವೆದು 'ಕೆ' ಆಗಿದೆ, ಮಲಯಾಳದಲ್ಲಿ 'ಕ್ಕ' ಆಗಿದೆ. ಮೊದಲ ಭಾಗಕ್ಕೆ ಎರಡು ವಿವರಣೆಗಳಿವೆ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ ಹೇಳಿದ್ದು, ಕಾಯಿ ಒತ್ತೊತ್ತಾಗಿ ಕೂತಿರುವುದರಿಂದ ಆ ಹೆಸರು ಅಂತ. ಅಡಿಕೆ ಗೊನೆ ನೋಡಿದವರಿಗೆ ಇದು ಸರಿ ಅನ್ನಿಸದೇ ಇರದು. ಆದರೆ ತಮಿಳಿನಲ್ಲಿ 'ಅಡೈ' ಅಂದರೆ ಎಲೆ, ಅದರಲ್ಲೂ ವೀಳ್ಯದೆಲೆ ಅನ್ನುವ ಅರ್ಥವೂ ಉಂಟು. ಹಾಗೆ ತೆಗೆದುಕೊಂಡರೆ ಅಡೈಕ್ಕಾಯ್ ಅಂದರೆ ಎಲೆಯ ಜೊತೆ ಹಾಕುವ ಕಾಯಿ. ನನಗೆ ಇದೇ ಹೆಚ್ಚು ಹಿಡಿಸುತ್ತದೆ. ಎಲೆ ಬಿಟ್ಟು ಅಡಿಕೆ ಹೇಳುವ ರೂಢಿ ನಮ್ಮಲ್ಲಿ ಇವತ್ತಿಗೂ ಕಡಿಮೆ, 'ಎಲೆ ಅಡಿಕೆ' ಅಂತ ಒಂದೇ ಉಸಿರಿಗೆ ಬರುತ್ತದೆ.

ಇಲ್ಲೇ ಇನ್ನೊಂದು ಸ್ವಾರಸ್ಯ. ಇಂಗ್ಲಿಷಿನ 'ಮ್ಯಾಂಗೊ' ಕೂಡ ಇದೇ ದಾರಿಯಲ್ಲಿ ಹೋದ ಪದ. ತಮಿಳಿನ ಮಾಂಗಾಯ್, ಮಲಯಾಳದ ಮಾಙ್ಙ, ಪೋರ್ಚುಗೀಸಿನ ಮಂಗ, ಆಮೇಲೆ ಮ್ಯಾಂಗೊ. ಅಂದರೆ ಮ್ಯಾಂಗೊ ಪದದ ಬಾಲದಲ್ಲಿರುವ 'ಗೊ', ಅರೆಕದ ಬಾಲದಲ್ಲಿರುವ 'ಕ' ಎರಡೂ ನಮ್ಮ ಕಾಯಿಯೇ.

ಅಡಕೆ ಸರಿಯೋ, ಅಡಿಕೆ ಸರಿಯೋ?

ಎರಡೂ ಸರಿ. ಹಳೆಯ ರೂಪ ಅಡಕೆ. ಇವತ್ತು ಪತ್ರಿಕೆ, ಮಾರುಕಟ್ಟೆಯಲ್ಲಿ ಅಡಿಕೆ ಜಾಸ್ತಿ. 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಅನ್ನುವ ಗಾದೆಯನ್ನು ಎರಡು ರೂಪದಲ್ಲೂ ಹೇಳುತ್ತಾರೆ. ಮಾನದ ಬೆಲೆ ಅದರಿಂದ ಬದಲಾಗುವುದಿಲ್ಲ.

ಸರಿ, 'ಕಟೆಚು' ಅಂದರೇನು?

ಕಾಚು. ಎಲೆ ಅಡಿಕೆಗೆ ಸುಣ್ಣದ ಜೊತೆ ಸೇರಿಸುವ, ಬಾಯಿ ಕೆಂಪು ಮಾಡುವ ಆ ಕಂದು ವಸ್ತು. ಕನ್ನಡದಲ್ಲಿ ಕಾಚು, ಮಲೇಷ್ಯಾ ಕಡೆಯ ಮಲಯ ಭಾಷೆಯಲ್ಲಿ ಕಚು, ಹಿಂದಿಯಲ್ಲಿ ಕತ್ಥಾ, ಮರಾಠಿಯಲ್ಲಿ ಕಾತ್. 1516ರ ಸುಮಾರಿಗೆ ಬರೆದ ದುವಾರ್ತೆ ಬಾರ್ಬೋಸ ಎಂಬ ಪೋರ್ಚುಗೀಸ್ ಅಧಿಕಾರಿ ಗುಜರಾತಿನ ಖಂಬಾತದಿಂದ ಮಲಕ್ಕಾಕ್ಕೆ ಹೋಗುವ ಸರಕಿನಲ್ಲಿ 'ಕಚೊ' ಎಂಬುದನ್ನು ಹೆಸರಿಸುತ್ತಾನೆ. 'ಕಟೆಚು' ಈ ಬಗೆಯ ಹಲವು ರೂಪಗಳನ್ನು ಕಲಸಿ ಲ್ಯಾಟಿನ್ ಅಂಗಿ ತೊಡಿಸಿದ ಪದ.

ಯುರೋಪಿನ ಔಷಧಿ ಅಂಗಡಿಗಳಲ್ಲಿ ಇದಕ್ಕೆ ಇನ್ನೂ ವಿಚಿತ್ರವಾದ ಹೆಸರಿತ್ತು: 'ಟೆರ್ರಾ ಜಪೋನಿಕಾ', ಅಂದರೆ ಜಪಾನಿನ ಮಣ್ಣು. ಗಟ್ಟಿ ಉಂಡೆಯಾಗಿ ಬರುತ್ತಿದ್ದುದರಿಂದ ಅದು ಜಪಾನಿನಲ್ಲಿ ಅಗೆದ ಮಣ್ಣು ಅಂದುಕೊಂಡಿದ್ದರು. ಮಣ್ಣೂ ಅಲ್ಲ, ಜಪಾನಿನದೂ ಅಲ್ಲ.

ಕಾಚು ಬರುವುದು ಅಡಿಕೆಯಿಂದ ಅಲ್ಲವಲ್ಲ?

ಅದೇ ಎಡವಟ್ಟು. ಕಾಚು ತೆಗೆಯುವುದು ಕಗ್ಗಲಿ ಮರದಿಂದ. ಖೈರ ಅಂತಲೂ, ಕಾಚಿನ ಮರ ಅಂತಲೂ ಕರೆಯುತ್ತಾರೆ, ಸಂಸ್ಕೃತದಲ್ಲಿ ಖದಿರ. ಮರದ ಒಳಗಿನ ಕೆಂಪು ಚೇಗನ್ನು ಸಣ್ಣಗೆ ಚಕ್ಕೆ ಮಾಡಿ, ನೀರಿನಲ್ಲಿ ಕುದಿಸಿ, ಆ ನೀರನ್ನು ಬತ್ತಿಸಿ ಗಟ್ಟಿ ಮಾಡುತ್ತಾರೆ. ಮಹಾರಾಷ್ಟ್ರದ ಕಾತ್ಕರಿ ಸಮುದಾಯಕ್ಕೆ ಆ ಹೆಸರು ಬಂದದ್ದೇ ಈ ಕಸುಬಿನಿಂದ.

ಹಾಗಿದ್ದರೂ ಲಿನೇಯಸ್ ಅಡಿಕೆಗೆ ಯಾಕೆ ಆ ಹೆಸರಿಟ್ಟರು? ಆ ಕಾಲದಲ್ಲಿ ಯುರೋಪಿನಲ್ಲಿ ಕಾಚು ಅಡಿಕೆಯ ಸಾರ ಎಂಬ ನಂಬಿಕೆ ಇತ್ತು. ಎರಡೂ ಬರುತ್ತಿದ್ದುದು ಒಂದೇ ಕಡೆಯಿಂದ, ಜನ ಎರಡನ್ನೂ ಒಟ್ಟಿಗೇ ಅಗಿಯುತ್ತಿದ್ದರು, ಎರಡೂ ಒಗರು, ಎರಡೂ ಬಾಯಿ ಬಣ್ಣ ಮಾಡುತ್ತವೆ. ಹಡಗಿನವರ ಮಾತು ಕೇಳಿ ಬರೆದವರಿಗೆ ಗೊಂದಲ ಆಗಿದ್ದು ಸಹಜ.

ಅಷ್ಟೇ ಅಲ್ಲ, ಆ ನಂಬಿಕೆ ಪೂರ್ತಿ ಗಾಳಿಮಾತೂ ಅಲ್ಲ. ಮಲೆನಾಡಿನಲ್ಲಿ ಕೆಂಪಡಿಕೆ ಮಾಡುವುದನ್ನು ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುತ್ತಾರೆ. ಬೇಯಿಸಿದ ನೀರು ಕಡುಗೆಂಪಾಗಿ, ಒಗರಾಗಿ, ಮಂದವಾಗುತ್ತದೆ. ಅದೇ ಚೊಗರು. ಅದನ್ನು ಮತ್ತೆ ಅಡಿಕೆಗೆ ಬಣ್ಣ, ಹೊಳಪು ಬರಿಸಲು ಬಳಸುತ್ತಾರೆ. ಕಾಚು ಮಾಡುವ ಕೆಲಸ, ಚೊಗರು ಬರುವ ಕೆಲಸ ಎರಡರಲ್ಲೂ ಮಾಡುವುದು ಒಂದೇ: ಒಗರಿನ ಅಂಶವನ್ನು ನೀರಿಗೆ ಬಿಡಿಸಿ ಗಟ್ಟಿ ಮಾಡುವುದು. ದೂರದಿಂದ ನೋಡಿದವನು ಚೊಗರನ್ನೇ ಕಾಚು ಅಂದರೆ ಅವನ ಮೇಲೆ ಕೋಪ ಬರುವುದಿಲ್ಲ. ಚಾಲಿ ಮಾಡುವ ಊರಿಗೆ ಹೋಗಿದ್ದರೆ ಈ ತಪ್ಪು ಆಗುತ್ತಿರಲಿಲ್ಲ ಬಿಡಿ, ಅಲ್ಲಿ ಹಣ್ಣಡಿಕೆಯನ್ನು ಬೇಯಿಸುವುದೇ ಇಲ್ಲ, ಅಂಗಳದಲ್ಲಿ ಒಣಗಿಸುತ್ತಾರೆ.

ಹಾಗಾದರೆ ನಿಜವಾದ ಕಾಚಿನ ಮರಕ್ಕೆ ಏನು ಹೆಸರು ಸಿಕ್ಕಿತು?

ಅದಕ್ಕೂ ಕಟೆಚು ಅಂತಲೇ! ಇಟ್ಟವರು ಲಿನೇಯಸ್ಸರ ಮಗ. ತಂದೆ 1778ರಲ್ಲಿ ತೀರಿಕೊಂಡ ಮೇಲೆ, 1782ರಲ್ಲಿ ಮಗ ಕಗ್ಗಲಿಯನ್ನು 'ಮಿಮೋಸ ಕಟೆಚು' ಎಂದು ಹೆಸರಿಸಿದ. ಮುಂದೆ 1806ರಲ್ಲಿ ಜರ್ಮನಿಯ ವಿಲ್ಡನೋವ್ ಅದನ್ನು ಜಾಲಿಯ ಕುಲಕ್ಕೆ ಸೇರಿಸಿದ, 'ಅಕೇಶಿಯ ಕಟೆಚು' ಆಯಿತು. ಈಗಿನ ಹೆಸರು 'ಸೆನೆಗಾಲಿಯ ಕಟೆಚು'. ಅಪ್ಪ ತಪ್ಪು ಮರಕ್ಕೆ ಕೊಟ್ಟ ಹೆಸರನ್ನು ಮಗ ಸರಿಯಾದ ಮರಕ್ಕೂ ಕೊಟ್ಟ. ಅಪ್ಪ ಕೊಟ್ಟದ್ದನ್ನು ಕಿತ್ತುಕೊಳ್ಳಲಿಲ್ಲ. ಕುಲ ಬೇರೆ ಬೇರೆ ಆದ್ದರಿಂದ ಒಂದೇ ಜಾತಿನಾಮ ಎರಡು ಕಡೆ ಇದ್ದರೆ ನಿಯಮಕ್ಕೆ ಅಡ್ಡಿ ಇಲ್ಲ.

ತಪ್ಪು ಅಂತ ಗೊತ್ತಾದ ಮೇಲೂ ಅಡಿಕೆಯ ಹೆಸರು ಯಾಕೆ ಬದಲಾಯಿಸಲಿಲ್ಲ?

ಬದಲಾಯಿಸುವ ಹಾಗಿಲ್ಲ. ಸಸ್ಯನಾಮಗಳಿಗೆ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಹೆಸರಿನ ಅರ್ಥ ಗಿಡಕ್ಕೆ ಹೊಂದುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಅದನ್ನು ಬಿಡಬಾರದು ಎಂದು ಅದು ಹೇಳುತ್ತದೆ. ಯುರೋಪಿನ ಮೆಡಿಟರೇನಿಯನ್ ಕಡೆ ಬೆಳೆಯುವ ಒಂದು ಗೆಡ್ಡೆ ಗಿಡಕ್ಕೆ ಲಿನೇಯಸ್ ಪೆರು ದೇಶದ ಹೆಸರಿಟ್ಟರು. ಪೆರುವಿಗೂ ಅದಕ್ಕೂ ಸಂಬಂಧ ಇಲ್ಲ, ಹೆಸರು ಹಾಗೇ ಇದೆ. ತಪ್ಪು ಕಂಡಾಗಲೆಲ್ಲ ಹೆಸರು ತಿದ್ದುತ್ತಾ ಹೋದರೆ ಯಾವ ಪುಸ್ತಕದಲ್ಲಿ ಯಾವ ಗಿಡ ಇದೆ ಅಂತ ಯಾರಿಗೂ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಇದು ಒಳ್ಳೆಯ ನಿಯಮ.

ತೆಂಗು, ಖರ್ಜೂರ ಎಲ್ಲ 'ಅರೆಕೇಸೀ' ಕುಟುಂಬ ಅಂತಾರೆ. ಅಂದರೆ ಅಡಿಕೆಯ ಕುಟುಂಬವೇ?

ಹೌದು. ಒಂದು ಕುಲವನ್ನು ಮಾದರಿಯಾಗಿ ಇಟ್ಟುಕೊಂಡು ಅದರಿಂದ ಕುಟುಂಬದ ಹೆಸರು ಕಟ್ಟುವುದು ಪದ್ಧತಿ. ತಾಳೆ ಜಾತಿಯ ಮರಗಳಿಗೆ ಆ ಮಾದರಿ ಅರೆಕ. 1820ರಿಂದ ಅರೆಕೇಸೀ ಎಂಬ ಹೆಸರಿದೆ. ಹಾಗಾಗಿ ತೆಂಗು, ಈಚಲು, ಬೈನೆ, ತಾಳೆ, ಶ್ರೀತಾಳೆ, ಬೆತ್ತ, ಅರಬ್ಬರ ಖರ್ಜೂರ, ಎಲ್ಲವೂ ಕಾಗದದ ಮೇಲೆ ಅಡಿಕೆ ಮನೆತನದವು. ಸುಮಾರು 2600 ಜಾತಿಗಳ ದೊಡ್ಡ ಸಂಸಾರ ಇದು. 'ಪಾಲ್ಮೆ' ಎಂಬ ಹಳೆಯ ಹೆಸರನ್ನೂ ನಿಯಮ ಒಪ್ಪುತ್ತದೆ. ಇಂಥ ಎರಡು ಹೆಸರಿನ ಸವಲತ್ತು ಇರುವುದು ಹುಲ್ಲು, ದ್ವಿದಳ ಧಾನ್ಯ ಮೊದಲಾದ ಕೆಲವೇ ಕುಟುಂಬಗಳಿಗೆ.

ಇಂಗ್ಲಿಷಿನಲ್ಲಿ ಬೀಟಲ್ ನಟ್ ಅನ್ನುವುದು ಯಾಕೆ?

ಅದೂ ಒಂದು ಎಡವಟ್ಟು. ಬೀಟಲ್ ಅಂದರೆ ವೀಳ್ಯದೆಲೆ. ಮಲಯಾಳದ 'ವೆಟ್ಟಿಲ' ಪೋರ್ಚುಗೀಸರ ಬಾಯಲ್ಲಿ 'ಬೆತ್ಲೆ' ಆಗಿ ಇಂಗ್ಲಿಷಿಗೆ ಹೋಯಿತು. ವೆಟ್ಟಿಲ ಪದವನ್ನು 'ವೆರು' ಮತ್ತು 'ಇಲ' ಎಂದು ಬಿಡಿಸುತ್ತಾರೆ, ಬರೀ ಎಲೆ ಎಂದರ್ಥ. ಎಲೆಯ ಸಸ್ಯನಾಮ 'ಪೈಪರ್ ಬೆಟ್ಲೆ', ಮೆಣಸಿನ ಬಳ್ಳಿಯ ಹತ್ತಿರದ ನೆಂಟ. ಎಲೆಯ ಜೊತೆ ತಿನ್ನುವ ಕಾಯಿಗೆ ಎಲೆಯ ಹೆಸರೇ ಅಂಟಿತು. ಇನ್ನು 'ನಟ್' ಅನ್ನುವುದೂ ಸಸ್ಯಶಾಸ್ತ್ರದ ಪ್ರಕಾರ ಸರಿಯಲ್ಲ, ನಾವು ಅಗಿಯುವುದು ಹಣ್ಣಿನೊಳಗಿನ ಬೀಜ.

ನರ್ಸರಿಯಲ್ಲಿ ಸಿಗುವ 'ಅರೆಕಾ ಪಾಮ್' ಅಡಿಕೆ ಗಿಡವೇ?

ಅಲ್ಲ. ಕುಂಡದಲ್ಲಿ ಪೊದೆಯಾಗಿ ಬೆಳೆಯುವ, ಹಳದಿ ದಂಟಿನ ಆ ಗಿಡ ಮಡಗಾಸ್ಕರಿನದು. ತೋಟಗಾರರು ಹಿಂದೆ ಅದನ್ನು ಅರೆಕ ಕುಲದ ಹೆಸರಿನಲ್ಲಿ ಕರೆಯುತ್ತಿದ್ದರು. ಸಸ್ಯಶಾಸ್ತ್ರದಲ್ಲಿ ಅದರ ಕುಲ ಬೇರೆ, ಮಾರುಕಟ್ಟೆಯಲ್ಲಿ ಮಾತ್ರ ಹಳೆಯ ಹೆಸರು ಹೋಗಲಿಲ್ಲ. ಅದರಲ್ಲಿ ಅಡಿಕೆ ಬಿಡುತ್ತದೆ ಅಂತ ಕಾಯಬೇಡಿ.

ಹೋರ್ಟಸ್ ಮಲಬಾರಿಕಸ್ಸಿನ 'ಕೌಂಗ' ಯಾವ ಪದ?

ಮಲಯಾಳದ ಕವುಙ್ಙ್, ತಮಿಳಿನ ಕಮುಗು. ಅಡಿಕೆ ಮರಕ್ಕೆ ಅದೇ ಹೆಸರು. ಹಳಗನ್ನಡದಲ್ಲಿ ಕೌಂಗು ಇದೆ. ತುಳುವಿನಲ್ಲಿ ಕಂಗ್. ನಾವೂ 'ಕಂಗು ತೆಂಗು' ಅಂತ ಜೋಡಿಯಾಗಿ ಈಗಲೂ ಹೇಳುತ್ತೇವೆ. ಅಂದರೆ ಈ ಭಾಷೆಗಳಲ್ಲಿ ಮರಕ್ಕೆ ಒಂದು ಪದ, ಕಾಯಿಗೆ ಇನ್ನೊಂದು ಪದ. ಕೈ ಬದಲಾಗುತ್ತಾ ಹಡಗು ಹತ್ತಿದ್ದು ಕಾಯಿ, ಮರ ಅಲ್ಲ. ಹಾಗಾಗಿ ಕಾಯಿಯ ಹೆಸರೇ ಯುರೋಪಿನಲ್ಲಿ ಮರಕ್ಕೂ ನಿಂತಿತು. ಲಿನೇಯಸ್ ರೀಡ್ ಗ್ರಂಥದ ಪದ ಹಿಡಿದಿದ್ದರೆ ಇವತ್ತು ತೆಂಗಿನ ಕುಟುಂಬಕ್ಕೆ ಕೌಂಗೇಸೀ ಅನ್ನಬೇಕಿತ್ತೋ ಏನೋ.

ಬೇರೆ ಕಡೆ ಅಡಿಕೆಗೆ ಏನೇನು ಹೆಸರಿದೆ?

ಸಂಸ್ಕೃತದಲ್ಲಿ ಪೂಗ, ಪೂಗಫಲ, ಕ್ರಮುಕ, ಗುವಾಕ. ಪೂಗಫಲವೇ ಸವೆದು ಮರಾಠಿ, ಕೊಂಕಣಿಯಲ್ಲಿ ಪೋಫಳ ಆಯಿತು. ಪರ್ಷಿಯನ್ ಮೂಲಕ ಅರಬ್ಬಿಗೆ ಹೋಗಿ ಫೌಫಲ್ ಆಯಿತು. ವರ್ತೆಮಾ ಕೇಳಿದ ಕೊಫೊಲೊ ಇದೇ. ಅಸ್ಸಾಮಿನಲ್ಲಿ ಗುವಾ, ಗುವಾಹಾಟಿ ಅಂದರೆ ಅಡಿಕೆ ಸಂತೆ. ಮಲಯ ಭಾಷೆಯಲ್ಲಿ ಪಿನಾಂಗ್, ಮಲೇಷ್ಯಾದ ಪೆನಾಂಗ್ ದ್ವೀಪದ ಹೆಸರು ಅದರಿಂದ. ಮರದ ತವರು ಮಲೇಷ್ಯಾ, ಫಿಲಿಪ್ಪೀನ್ಸ್ ಕಡೆ ಎಂದು ಸಾಮಾನ್ಯವಾಗಿ ನಂಬುತ್ತಾರೆ. ಮರ ಅಲ್ಲಿಂದ ಇಲ್ಲಿಗೆ ಬಂತು, ಶಾಸ್ತ್ರದ ಹೆಸರು ಇಲ್ಲಿಂದ ಹೋಯಿತು.

ಈ ಪದಗಳು ಸಸ್ಯಶಾಸ್ತ್ರದ ಹೊರಗೂ ಇವೆಯಾ?

ಕಾಚು ಬಹಳ ದೂರ ಹೋಗಿದೆ. ಕಟೆಚುವಿನಲ್ಲಿ ಸಿಕ್ಕ ವಸ್ತುವಿಗೆ ಕ್ಯಾಟೆಚಿನ್ ಅಂತ ಹೆಸರಿಟ್ಟರು. ಗ್ರೀನ್ ಟೀ ಪ್ಯಾಕೆಟ್ ಮೇಲೆ ನೀವು ಓದುವುದು ಅದೇ. ಕ್ಯಾಟೆಚಿನ್ ಕಾಯಿಸಿ 1839ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ರೈನ್ಷ್ ಇನ್ನೊಂದು ವಸ್ತು ತೆಗೆದ. ಅದು ಕ್ಯಾಟೆಕಾಲ್. ಆ ರಚನೆ ಒಳಗಿರುವುದರಿಂದ ಅಡ್ರಿನಲಿನ್, ಡೋಪಮಿನ್ ಇವುಗಳಿಗೆ ಕ್ಯಾಟೆಕೊಲಮಿನ್ ಎಂಬ ಗುಂಪಿನ ಹೆಸರು. ಹೆದರಿದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ರಸದ ಹೆಸರಿನಲ್ಲಿ ಕಾಚು ಕೂತಿದೆ.

ಅರೆಕದಿಂದ ಬಂದದ್ದು ಅರೆಕೋಲಿನ್. ಅಡಿಕೆ ಹಾಕಿದಾಗ ಮೈ ಬೆಚ್ಚಗಾಗಿ ತಲೆ ಗಿಮ್ಮೆನ್ನುವುದು ಮುಖ್ಯವಾಗಿ ಇದರಿಂದ.

ಇದೇ ರೀತಿ ನಮ್ಮ ಕಡೆಯಿಂದ ಹೋದ ಬೇರೆ ಸಸ್ಯನಾಮ ಇದೆಯಾ?

ಬಸಳೆ ನೋಡಿ, 'ಬಸೆಲ್ಲ ಆಲ್ಬ'. ಮಲಬಾರಿನ ಹೆಸರೇ ನೇರ ಕುಲದ ಹೆಸರಾಗಿದೆ. ಹೊಂಗೆಗೆ 'ಪೊಂಗಾಮಿಯ', ತಮಿಳು ಮಲಯಾಳದ ಪೊಂಗಂನಿಂದ. ನಮ್ಮಲ್ಲಿ 'ಪ' ಹೋಗಿ 'ಹ' ಬಂದದ್ದರಿಂದ ಗುರುತು ಸಿಗುವುದಿಲ್ಲ ಅಷ್ಟೇ. ನುಗ್ಗೆಯ 'ಮೊರಿಂಗ' ಕೂಡ ಮುರಿಂಗದಿಂದ ಹೋದದ್ದು.

ಉಚ್ಚಾರ ಹೇಗೆ? ಬರೆಯುವುದು ಹೇಗೆ?

ಲ್ಯಾಟಿನ್ ರೀತಿಯಲ್ಲಿ ಅರೆಕ. ಇಂಗ್ಲಿಷರು ಅರೀಕ ಅಂತಲೂ, ಆರಿಕ ಅಂತಲೂ ಹೇಳುತ್ತಾರೆ. ಯಾವುದಕ್ಕೂ ಯಾರೂ ದಂಡ ಹಾಕುವುದಿಲ್ಲ. ರೋಮನ್ ಲಿಪಿಯಲ್ಲಿ ಬರೆಯುವಾಗ ಕುಲದ ಮೊದಲ ಅಕ್ಷರ ದೊಡ್ಡದು, ಜಾತಿಯದ್ದು ಚಿಕ್ಕದು, ಎರಡೂ ಓರೆ ಅಕ್ಷರದಲ್ಲಿ. ಕಟೆಚು ಲ್ಯಾಟಿನ್ ಗುಣವಾಚಕ ಅಲ್ಲ, ಹೊರಗಿನಿಂದ ತಂದ ನಾಮಪದ. ಹಾಗಾಗಿ ಕುಲದ ಲಿಂಗಕ್ಕೆ ತಕ್ಕಂತೆ ಅದರ ಕೊನೆ ಬದಲಾಗುವುದಿಲ್ಲ. ಅರೆಕ ಪಕ್ಕದಲ್ಲಾಗಲಿ, ಸೆನೆಗಾಲಿಯ ಪಕ್ಕದಲ್ಲಾಗಲಿ, ಅದು ಕಟೆಚು ಅಂತಲೇ ಇರುತ್ತದೆ.